ಮೌಖಿಕ ಸಾಕ್ಷ್ಯದ ಪಠ್ಯೀಕರಣ: 'ದಿ ವರ್ಲ್ಡ್ ಅಟ್ ವಾರ್' ಸಾಕ್ಷ್ಯಚಿತ್ರ ಸರಣಿಯ ನಿರ್ಮಾಣವನ್ನು ಕುರಿತು

ಇತಿಹಾಸವನ್ನು ವಸ್ತುವಾಗಿ ಉಳ್ಳ ಸಾಕ್ಷ್ಯಚಿತ್ರಗಳನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಸಿದ್ಧಗೊಂಡ ಚಿತ್ರವನ್ನು ಮುಂದಿಟ್ಟುಕೊಂಡು ನಡೆದಿವೆ. ಚಿತ್ರ ಏನನ್ನು ಹೇಳುತ್ತದೆ, ಯಾರ ಪರವಾಗಿ ಹೇಳುತ್ತದೆ ಎಂಬ ಪ್ರಶ್ನೆಗಳು ಅಲ್ಲಿ ಮುಖ್ಯವಾಗುತ್ತವೆ. ಅದು ಹೇಗೆ ಸಿದ್ಧವಾಯಿತು, ಸಿದ್ಧವಾಗುವ ಹಾದಿಯಲ್ಲಿ ಯಾವುದು ಒಳಗೆ ಬಂತು, ಯಾವುದು ಹೊರಗೆ ಉಳಿಯಿತು ಎಂಬುದರ ಕಡೆಗೆ ಗಮನ ಹರಿದದ್ದು ಕಡಿಮೆ. ಜಾನಪದ ಅಧ್ಯಯನದ ಹಿನ್ನೆಲೆಯವರಿಗೆ ಇದು ವಿಚಿತ್ರವೆನಿಸಬೇಕು. ಏಕೆಂದರೆ ಕಳೆದ ಕೆಲವು ದಶಕಗಳಲ್ಲಿ ನಮ್ಮ ಶಿಸ್ತು ಕಲಿತ ಬಹುದೊಡ್ಡ ಪಾಠವೆಂದರೆ, ಮುದ್ರಿತ ಪುಸ್ತಕವಾಗಿ ನಮ್ಮ ಕೈಗೆ ಬರುವ ಕಾವ್ಯ ಹಾಡುಗಾರನ ಕಾವ್ಯವಲ್ಲ, ಅದು ಒಂದು ದೀರ್ಘ ಪ್ರಕ್ರಿಯೆಯ ಕೊನೆಯ ಘಟ್ಟ ಎಂಬುದು. 1990ರ ಡಿಸೆಂಬರ್‌ನಲ್ಲಿ ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯ, 15,683 ಸಾಲುಗಳ ಪಠ್ಯವಾಗಿ ಪ್ರಕಟವಾದದ್ದು 1998ರಲ್ಲಿ. ಲೌರಿ ಹಾಂಕೊ, ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡ, ಅನ್ನೆಲಿ ಹಾಂಕೊ ಇವರ ತಂಡ ಆ ಎಂಟು ವರ್ಷಗಳಲ್ಲಿ ಏನು ಮಾಡಿತು ಎಂಬುದನ್ನು ವಿವರಿಸಲು ಹಾಂಕೊ ಒಂದು ಪ್ರತ್ಯೇಕ ಸಂಪುಟವನ್ನೇ ಬರೆದರು. 'ಪಠ್ಯೀಕರಣ' ಎಂಬ ಪರಿಕಲ್ಪನೆ ನಮ್ಮಲ್ಲಿ ಬೇರೂರಿದ್ದು ಈ ಕೆಲಸದಿಂದ.

ಪ್ರಸ್ತುತ ಲೇಖನದಲ್ಲಿ ಇದೇ ಪರಿಕಲ್ಪನೆಯನ್ನು ಮೇಲುನೋಟಕ್ಕೆ ಜಾನಪದಕ್ಕೆ ಸಂಬಂಧವಿಲ್ಲದ ಒಂದು ಕೃತಿಗೆ ಅನ್ವಯಿಸಿ ನೋಡುವ ಪ್ರಯತ್ನವಿದೆ. ಬ್ರಿಟನ್ನಿನ ಥೇಮ್ಸ್ ಟೆಲಿವಿಷನ್ ಸಂಸ್ಥೆ ನಿರ್ಮಿಸಿದ, ಎರಡನೆಯ ಮಹಾಯುದ್ಧವನ್ನು ಕುರಿತ 'ದಿ ವರ್ಲ್ಡ್ ಅಟ್ ವಾರ್' ಸರಣಿ 1973ರ ಅಕ್ಟೋಬರ್ 31ರಿಂದ 1974ರ ಮೇ 8ರವರೆಗೆ 26 ಕಂತುಗಳಲ್ಲಿ ಪ್ರಸಾರವಾಯಿತು. ಒಟ್ಟು ಅವಧಿ ಸುಮಾರು ಇಪ್ಪತ್ತೆರಡೂವರೆ ಗಂಟೆ. ನಿರ್ಮಾಣಕ್ಕೆ ಹಿಡಿದದ್ದು ಸುಮಾರು ನಾಲ್ಕು ವರ್ಷ. ತಗಲಿದ ವೆಚ್ಚ ಒಂಬತ್ತು ಲಕ್ಷ ಪೌಂಡ್. ಆವರೆಗೆ ಯಾವ ವಾಸ್ತವಾಧಾರಿತ ದೂರದರ್ಶನ ಸರಣಿಗೂ ಅಷ್ಟು ಹಣ ಖರ್ಚಾಗಿರಲಿಲ್ಲ. ನಿರ್ಮಾಪಕ ಜೆರೆಮಿ ಐಸಾಕ್ಸ್. ನಿರೂಪಣೆಯ ಧ್ವನಿ ನಟ ಲಾರೆನ್ಸ್ ಒಲಿವಿಯೆ ಅವರದು. ಸಂಗೀತ ಕಾರ್ಲ್ ಡೇವಿಸ್ ಅವರದು. ಈ ಸರಣಿಯ ಶ್ರೇಷ್ಠತೆಯ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಇದು ಬಹುದೊಡ್ಡ ಪ್ರಮಾಣದ ಒಂದು ಮೌಖಿಕ ಸಂಗ್ರಹಕಾರ್ಯವೂ ಹೌದು ಎಂಬ ದೃಷ್ಟಿಯಿಂದ ಇದನ್ನು ಪರಿಶೀಲಿಸುವುದಷ್ಟೇ ಇಲ್ಲಿಯ ಉದ್ದೇಶ.

ಈ ಸರಣಿಯ ಹಿಂದೆ ಒಂದು ಜಗಳದ ನೆನಪಿದೆ. 1964ರಲ್ಲಿ ಬಿಬಿಸಿ ಮೊದಲನೆಯ ಮಹಾಯುದ್ಧವನ್ನು ಕುರಿತು 'ದಿ ಗ್ರೇಟ್ ವಾರ್' ಎಂಬ, ಅದೂ 26 ಕಂತುಗಳ, ಸರಣಿಯೊಂದನ್ನು ಪ್ರಸಾರ ಮಾಡಿತ್ತು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಅದರಲ್ಲಿ ಸಹಭಾಗಿಯಾಗಿತ್ತು. ವಸ್ತುಸಂಗ್ರಹಾಲಯದ ನಿರ್ದೇಶಕರಾಗಿದ್ದ ನೋಬಲ್ ಫ್ರ್ಯಾಂಕ್‌ಲ್ಯಾಂಡ್ ಅವರು ಒಂದು ಆಕ್ಷೇಪವನ್ನು ಎತ್ತಿದರು. ಯುದ್ಧಭೂಮಿಯಲ್ಲಿ ಚಿತ್ರೀಕರಿಸಿದ ದೃಶ್ಯಗಳ ಜೊತೆಗೆ ಅಭಿನಯಿಸಿ ತೆಗೆದ ದೃಶ್ಯಗಳನ್ನೂ ಬೆರೆಸಲಾಗಿದೆ. ಯಾವುದು ಯಾವುದೆಂದು ನೋಡುಗನಿಗೆ ತಿಳಿಸುವ ಸೂಚನೆ ಎಲ್ಲಿಯೂ ಇಲ್ಲ ಎಂಬುದು ಅವರ ವಾದ. ಈ ಸಮಸ್ಯೆ ಆ ಸರಣಿಯಿಂದಲೇ ಹುಟ್ಟಿದ್ದಲ್ಲ. 1916ರಲ್ಲಿ ಬಿಡುಗಡೆಯಾದ 'ದಿ ಬ್ಯಾಟಲ್ ಆಫ್ ದಿ ಸೋಮ್' ಚಿತ್ರದಲ್ಲಿ ಸೈನಿಕರು ಕಂದಕದಿಂದ ಮೇಲೇರುವಾಗ ಒಬ್ಬ ಗುಂಡು ತಗುಲಿ ಹಿಂದಕ್ಕೆ ಜಾರಿ ಬೀಳುವ ಪ್ರಸಿದ್ಧ ದೃಶ್ಯವಿದೆ. ಅದು ತರಬೇತಿಯ ಸ್ಥಳದಲ್ಲಿ ಅಭಿನಯಿಸಿ ತೆಗೆದದ್ದೆಂದು ಈಗ ಸಾಮಾನ್ಯವಾಗಿ ಒಪ್ಪಲಾಗಿದೆ. ಆದರೂ ಮೊದಲ ಮಹಾಯುದ್ಧವೆಂದರೆ ಲೋಕದ ಕಣ್ಣಿಗೆ ಕಟ್ಟುವುದು ಅದೇ ದೃಶ್ಯ. ರಿಚರ್ಡ್ ಡಾರ್ಸನ್ 1950ರಲ್ಲಿ 'ಹುಸಿ ಜಾನಪದ'ವೆಂದು ಹೆಸರಿಸಿದ ವಿದ್ಯಮಾನಕ್ಕೆ ಇದು ತೀರ ಹತ್ತಿರದ್ದು. ಕೃತಕವಾಗಿ ಹುಟ್ಟಿದ್ದು ಬಳಕೆಯ ಬಲದಿಂದ ಪರಂಪರೆಯ ಸ್ಥಾನವನ್ನು ಪಡೆದುಬಿಡುತ್ತದೆ.

'ದಿ ವರ್ಲ್ಡ್ ಅಟ್ ವಾರ್' ತಂಡ ಈ ಜಗಳದಿಂದ ಪಾಠ ಕಲಿತಂತೆ ತೋರುತ್ತದೆ. ಅಭಿನಯಿಸಿದ ದೃಶ್ಯಗಳನ್ನು ಅದು ತನಗಾಗಿ ಸೃಷ್ಟಿಸಿಕೊಳ್ಳಲಿಲ್ಲ. ಸಮಕಾಲೀನ ಚಿತ್ರಸುರುಳಿ ಮತ್ತು ಬದುಕಿದ್ದವರ ಮಾತು, ಈ ಎರಡರ ಮೇಲೆ ಇಡೀ ಕಟ್ಟಡ ನಿಂತಿತು. ಆದರೆ ಯುದ್ಧಕಾಲದ ಚಿತ್ರಸುರುಳಿಗಳಲ್ಲಿ ಹೆಚ್ಚಿನವು ಮೂಕವಾಗಿದ್ದವು; ಫಿರಂಗಿಯ ಗರ್ಜನೆ, ಬೂಟಿನ ಸದ್ದುಗಳನ್ನು ಸ್ಟುಡಿಯೋದಲ್ಲಿ ಸೇರಿಸಲಾಯಿತು. ದೃಶ್ಯದ ವಿಷಯದಲ್ಲಿ ಬಿಗಿಯಾಗಿದ್ದ ನಿಯಮ ಶಬ್ದದ ವಿಷಯದಲ್ಲಿ ಸಡಿಲವಾಯಿತು. ನೋಡುಗನಿಗೆ ಇದನ್ನೂ ತಿಳಿಸಲಿಲ್ಲ. ಇದನ್ನು ದೊಡ್ಡ ಅಪರಾಧವೆಂದು ನಾನು ಭಾವಿಸುವುದಿಲ್ಲವಾದರೂ, ಕಣ್ಣಿಗೆ ಬೇಡವಾದದ್ದು ಕಿವಿಗೆ ಹೇಗೆ ಬೇಕಾಯಿತು ಎಂಬ ಪ್ರಶ್ನೆಯನ್ನು ಮೌಖಿಕ ಪರಂಪರೆಯ ವಿದ್ಯಾರ್ಥಿಗಳಾದರೂ ಕೇಳಬೇಕು.

ಯೋಜನೆಯ ಹಂತದಲ್ಲಿ ಐಸಾಕ್ಸ್ ಅದೇ ಫ್ರ್ಯಾಂಕ್‌ಲ್ಯಾಂಡ್ ಅವರ ಬಳಿಗೆ ಹೋದರು ಎಂಬುದು ಗಮನಾರ್ಹ. ಯುದ್ಧದ ಗತಿಯನ್ನು ನಿರ್ಧರಿಸಿದ ಹದಿನೈದು ಕಾರ್ಯಾಚರಣೆಗಳನ್ನು ಹೆಸರಿಸುವಂತೆ ಕೇಳಿಕೊಂಡು, ಒಂದೊಂದಕ್ಕೂ ಒಂದೊಂದು ಕಂತನ್ನು ಮೀಸಲಿಟ್ಟರು. ಉಳಿದ ಹನ್ನೊಂದು ಕಂತುಗಳು ಬೇರೆಯ ಸಂಗತಿಗಳಿಗೆ ದೊರೆತವು: ಜರ್ಮನಿಯಲ್ಲಿ ನಾಜಿಗಳ ಏರಿಕೆ, ಜರ್ಮನ್ ಹಾಗೂ ಬ್ರಿಟಿಷ್ ಮನೆಮಂದಿಯ ದಿನಗಳು, ಹಾಲೆಂಡಿನ ಆಕ್ರಮಿತ ಬದುಕು, ಯಹೂದಿಗಳ ಹತ್ಯಾಕಾಂಡ, ಕೊನೆಗೆ ನೆನಪು. ಹದಿನೈದು ಇತಿಹಾಸಕಾರನ ಲೆಕ್ಕ. ಹನ್ನೊಂದು, ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಜನಜೀವನದ ಲೆಕ್ಕ. ಸರಣಿಯ ಜೀವ ಇರುವುದು ಈ ಹನ್ನೊಂದರಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಕಾರ್ಯಾಚರಣೆಯ ಕಂತುಗಳು ಸಮರ್ಥವಾಗಿವೆ. ಆದರೆ ಅವುಗಳಲ್ಲಿ ಮಾತನಾಡುವವರು ಬಹುಮಟ್ಟಿಗೆ ಭೂಪಟದ ಬಾಣಗಳಿಗೆ ಸಾಕ್ಷಿ ನುಡಿಯುತ್ತಾರೆ. ಸರಣಿ ಆರಂಭವಾಗುವುದು ಯಾವ ರಣರಂಗದಿಂದಲೂ ಅಲ್ಲ, 1944ರ ಜೂನ್ 10ರಂದು ಜರ್ಮನ್ ಸೈನಿಕರು 642 ಮಂದಿಯನ್ನು ಕೊಂದ ಫ್ರಾನ್ಸಿನ ಒರಾದೂರ್-ಸ್ಯುರ್-ಗ್ಲಾನ್ ಎಂಬ ಹಳ್ಳಿಯ ಪಾಳುಬಿದ್ದ ಬೀದಿಯಿಂದ ಎಂಬುದನ್ನು ಇದಕ್ಕೆ ಆಧಾರವಾಗಿ ನೋಡಬಹುದು.

ಇನ್ನು ವಕ್ತೃಗಳ ಆಯ್ಕೆ. ಜಾನಪದ ವಿದ್ವಾಂಸರಿಗೆ ಅತ್ಯಂತ ಕುತೂಹಲಕಾರಿಯಾದ ಭಾಗವಿದು. ಹೆಸರಾಂತ ನಾಯಕರಿಗಿಂತ ಅವರ ಸಹಾಯಕರು, ಆಪ್ತ ಕಾರ್ಯದರ್ಶಿಗಳು, ಅಂಗರಕ್ಷಕರು, ಸಾಮಾನ್ಯ ಸೈನಿಕರು ಮತ್ತು ನಾಗರಿಕರನ್ನು ಮಾತನಾಡಿಸಬೇಕೆಂಬುದು ಐಸಾಕ್ಸ್ ಅವರ ಆದ್ಯತೆಯಾಗಿತ್ತು. ಮೌಂಟ್‌ಬ್ಯಾಟನ್, ಆಂಟನಿ ಈಡನ್, ನೌಕಾಧಿಪತಿ ಡೋನಿಟ್ಜ್, ಆಲ್ಬರ್ಟ್ ಸ್ಪೀಯರ್ ಮೊದಲಾದ ದೊಡ್ಡ ಹೆಸರುಗಳು ಸರಣಿಯಲ್ಲಿ ಇಲ್ಲವೆಂದಲ್ಲ. ಆದರೆ ದೊಡ್ಡವರು ತಮ್ಮ ಕಥೆಯನ್ನು ಆಗಲೇ ಹಲವು ಬಾರಿ ಹೇಳಿ ಮುಗಿಸಿರುತ್ತಾರೆ. ಅವರ ನಿರೂಪಣೆ ಒಂದು ಗಟ್ಟಿ ಆಕಾರವನ್ನು ಪಡೆದಿರುತ್ತದೆ. ಕೇಳುವವನು ಎಲ್ಲಿ ತಡೆದರೂ ಅದು ಮತ್ತೆ ತನ್ನ ಜಾಡಿಗೇ ಬಂದು ನಿಲ್ಲುತ್ತದೆ. ಪರಂಪರೆಯ ವಾಹಕರಲ್ಲಿ ಸಕ್ರಿಯರು, ನಿಷ್ಕ್ರಿಯರು ಎಂದು ಕಾರ್ಲ್ ಫಾನ್ ಸಿಡೋ ಮಾಡಿದ ವಿಂಗಡಣೆಯನ್ನು ಇಲ್ಲಿ ನೆನೆಯಬಹುದು. ಸಕ್ರಿಯ ವಾಹಕ ತಾನಾಗಿ ಹಾಡುತ್ತಾನೆ. ನಿಷ್ಕ್ರಿಯ ವಾಹಕನಿಗೆ ಹಾಡು ಗೊತ್ತಿರುತ್ತದೆ, ಆದರೆ ಯಾರೂ ಕೇಳದ ಹೊರತು ಹಾಡುವುದಿಲ್ಲ. ಐಸಾಕ್ಸ್ ತಂಡ ಹುಡುಕಿದ್ದು ಈ ಎರಡನೆಯ ವರ್ಗದವರನ್ನು.

ಈ ಭೇದ ಎಷ್ಟು ನಿರ್ಣಾಯಕವಾದದ್ದು ಎಂಬುದಕ್ಕೆ ಸರಣಿಯಲ್ಲೇ ಇರುವ ಇಬ್ಬರನ್ನು ಹೋಲಿಸಬಹುದು. ಹಿಟ್ಲರನ ಯುದ್ಧಸಾಮಗ್ರಿ ಸಚಿವನಾಗಿದ್ದ ಸ್ಪೀಯರ್ ಇಪ್ಪತ್ತು ವರ್ಷ ಸೆರೆವಾಸ ಅನುಭವಿಸಿ 1966ರಲ್ಲಿ ಬಿಡುಗಡೆಯಾದ. 1969ರಲ್ಲಿ ಅವನ ಆತ್ಮಕಥನ ಪ್ರಕಟವಾಗಿ ಭಾರಿ ಜನಪ್ರಿಯವಾಯಿತು. ಕ್ಯಾಮೆರಾದ ಮುಂದೆ ಕುಳಿತ ಹೊತ್ತಿಗೆ ಅವನು ನುರಿತ ಕಥನಕಾರನಾಗಿದ್ದ. ಒಳ್ಳೆಯ ಇಂಗ್ಲಿಷಿನಲ್ಲಿ, ತೂಕದ ವಿಷಾದದೊಂದಿಗೆ, ತನಗೆ ಸಾಮೂಹಿಕ ಹತ್ಯೆಯ ವಿಷಯ ಗೊತ್ತಿರಲಿಲ್ಲವೆಂಬ ನೆಲೆಯಲ್ಲಿ ನಿಂತು ಮಾತನಾಡುತ್ತಾನೆ. ಆದರೆ 1943ರ ಅಕ್ಟೋಬರ್ 6ರಂದು ಪೋಜೆನ್ ನಗರದಲ್ಲಿ ಹಿಮ್ಲರ್ ಯಹೂದಿಗಳ ನಿರ್ಮೂಲನದ ಬಗ್ಗೆ ಬಹಿರಂಗವಾಗಿ ಮಾತನಾಡಿದ ಸಭೆಯಲ್ಲಿ ತಾನೂ ಇದ್ದೆನೆಂದು ಸ್ಪೀಯರ್ 1971ರ ಡಿಸೆಂಬರ್‌ನಲ್ಲಿ ಒಂದು ಖಾಸಗಿ ಪತ್ರದಲ್ಲಿ ಒಪ್ಪಿಕೊಂಡಿದ್ದ. ಆ ಪತ್ರ ಬೆಳಕಿಗೆ ಬಂದದ್ದು 2007ರಲ್ಲಿ. ಅಂದರೆ ಸರಣಿ ಸಿದ್ಧವಾಗುತ್ತಿದ್ದ ಅವಧಿಯಲ್ಲೇ ಅದೇ ವ್ಯಕ್ತಿ ಪತ್ರದಲ್ಲಿ ಒಂದು ಪಾಠವನ್ನೂ ಲೋಕದ ಮುಂದೆ ಇನ್ನೊಂದು ಪಾಠವನ್ನೂ ಇಟ್ಟುಕೊಂಡಿದ್ದ. ಸಂದರ್ಶಕರಿಗೆ ಇದು ತಿಳಿಯುವ ಮಾರ್ಗವಿರಲಿಲ್ಲ. ಆದ್ದರಿಂದ ಅವರನ್ನು ದೂರುವಂತಿಲ್ಲ. ನುರಿತ ವಕ್ತೃವಿನ ಸೊಗಸಾದ ಪಾಠದ ಬಗ್ಗೆ ಕ್ಷೇತ್ರಕಾರ್ಯಕರ್ತನಿಗೆ ಇರಬೇಕಾದ ಅನುಮಾನಕ್ಕೆ ಮಾತ್ರ ಇದು ಒಳ್ಳೆಯ ನಿದರ್ಶನ.

ಇನ್ನೊಬ್ಬಾಕೆ ಟ್ರಾಡ್ಲ್ ಯೂಂಗೆ. 1942ರ ಕೊನೆಯಿಂದ ಹಿಟ್ಲರನ ಕಾರ್ಯದರ್ಶಿಗಳಲ್ಲಿ ಒಬ್ಬಳಾಗಿದ್ದು, 1945ರ ಏಪ್ರಿಲ್ ಕೊನೆಯ ರಾತ್ರಿಗಳಲ್ಲಿ ಬರ್ಲಿನ್ನಿನ ನೆಲಮಾಳಿಗೆಯಲ್ಲಿ ಅವನ ಅಂತಿಮ ಮರಣಶಾಸನವನ್ನು ಬೆರಳಚ್ಚಿಸಿದವಳು. 'ನೆಮೆಸಿಸ್' ಎಂಬ ಇಪ್ಪತ್ತೊಂದನೆಯ ಕಂತಿನಲ್ಲಿ ಆಕೆ ಇಂಗ್ಲಿಷಿನಲ್ಲಿ ಮಾತನಾಡುತ್ತಾಳೆ. ತನ್ನದಲ್ಲದ ಭಾಷೆಯಲ್ಲಿ ಹೇಳುವಾಗ ಪದಗಳು ಎಣಿಸಿಟ್ಟಂತೆ ಬರುತ್ತವೆ; ಕಂಡದ್ದನ್ನು ಹೇಳಿ ಸುಮ್ಮನಾಗುವ ಮಾತು ಅದು. ಸುಮಾರು ಮೂವತ್ತು ವರ್ಷಗಳ ಬಳಿಕ, 2002ರಲ್ಲಿ ತೆರೆಕಂಡ ಆಂಡ್ರೆ ಹೆಲ್ಲರ್ ಮತ್ತು ಓಥ್ಮಾರ್ ಶ್ಮಿಡರರ್ ಅವರ ಸಾಕ್ಷ್ಯಚಿತ್ರದಲ್ಲಿ ಅದೇ ಯೂಂಗೆ ತನ್ನ ಜರ್ಮನ್ ಭಾಷೆಯಲ್ಲಿ ಮಾತನಾಡುತ್ತಾಳೆ. ಅಲ್ಲಿ ಸಂಗ್ರಹದೃಶ್ಯಗಳಿಲ್ಲ, ಸಂಗೀತವಿಲ್ಲ, ಮುಪ್ಪಿನ ಮುಖವೊಂದೇ ಇದೆ. ನಾಜಿಗಳನ್ನು ಪ್ರತಿಭಟಿಸಿ 1943ರಲ್ಲಿ ತಲೆದಂಡ ತೆತ್ತ ಸೋಫಿ ಶಾಲ್‌ಳ ಸ್ಮಾರಕಫಲಕವನ್ನು ಕಂಡು, ಆಕೆ ತನ್ನ ವಯಸ್ಸಿನವಳೇ ಎಂದು ಅರಿತ ದಿನ, ತಾನು ಆಗ ಎಳೆಯವಳಾಗಿದ್ದೆ ಎಂಬ ಸಮಾಧಾನಕ್ಕೆ ಅರ್ಥವಿಲ್ಲವೆಂದು ಹೊಳೆದುದನ್ನು ಆಕೆ ಹೇಳುತ್ತಾಳೆ. ಚಿತ್ರ ಪ್ರಥಮ ಪ್ರದರ್ಶನ ಕಂಡ ಹೊತ್ತಿಗೆ, ಅದೇ ಫೆಬ್ರವರಿಯಲ್ಲಿ, ತೀರಿಕೊಂಡಳು. ಒಬ್ಬಳೇ ವಕ್ತೃ, ಒಂದೇ ಘಟನಾವಳಿ, ಎರಡು ಪಾಠ. ಭಾಷೆ, ಕೇಳುವವರು, ವಯಸ್ಸು ಬದಲಾದಾಗ ನಿರೂಪಣೆಯೂ ಬದಲಾಗುತ್ತದೆ ಎಂಬುದನ್ನು ನಾವು ಹಾಡುಗಳ ವಿಷಯದಲ್ಲಿ ಸಲೀಸಾಗಿ ಒಪ್ಪುತ್ತೇವೆ. ನೆನಪಿನ ವಿಷಯದಲ್ಲಿ ಒಪ್ಪಲು ಹಿಂಜರಿಯುತ್ತೇವೆ. ಅಲ್ಲಿ ಪಾಠಾಂತರವನ್ನು ಸುಳ್ಳು ಎಂದು ಕರೆದುಬಿಡುತ್ತೇವೆ. ಸ್ಪೀಯರನ ಎರಡು ಪಾಠಗಳ ನಡುವಿನ ಅಂತರವೂ ಯೂಂಗೆಯ ಎರಡು ಪಾಠಗಳ ನಡುವಿನ ಅಂತರವೂ ಒಂದೇ ಜಾತಿಯವಲ್ಲ. ಮೊದಲನೆಯದು ಮುಚ್ಚಿಟ್ಟದ್ದು, ಎರಡನೆಯದು ಮಾಗಿದ್ದು. ಸಿದ್ಧಗೊಂಡ ಚಿತ್ರವನ್ನಷ್ಟೇ ನೋಡುವವನಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಹುಡುಕಿ ಒಪ್ಪಿಸಲು ಎಲ್ಲರಿಗಿಂತ ಕಷ್ಟವಾದ ವ್ಯಕ್ತಿ ಹಿಮ್ಲರನ ಆಪ್ತ ಅಧಿಕಾರಿಯಾಗಿದ್ದ ಕಾರ್ಲ್ ವೋಲ್ಫ್. ಸಂಶೋಧಕಿ ಸೂಸನ್ ಮೆಕಾನಕಿ ಅವನನ್ನು ಪತ್ತೆಹಚ್ಚಿ ವಿಶ್ವಾಸ ಗಳಿಸಿಕೊಂಡದ್ದರ ಫಲವಾಗಿ, ಹಿಮ್ಲರನ ಸಮ್ಮುಖದಲ್ಲಿ ನಡೆದ ಸಾಮೂಹಿಕ ಹತ್ಯೆಯೊಂದನ್ನು ತಾನು ಕಣ್ಣಾರೆ ನೋಡಿದೆನೆಂದು ಅವನು ಕ್ಯಾಮೆರಾದ ಮುಂದೆ ಒಪ್ಪಿಕೊಂಡ. ಇಲ್ಲಿ ಕ್ಷೇತ್ರಕಾರ್ಯದ ನೈತಿಕತೆಯ ಪ್ರಶ್ನೆ ಏಳುತ್ತದೆ. ವಕ್ತೃವಿನ ವಿಶ್ವಾಸ ಗಳಿಸಬೇಕೆಂದು ನಮ್ಮ ಕೈಪಿಡಿಗಳೆಲ್ಲ ಹೇಳುತ್ತವೆ. ಕೊಲೆಯ ಪಾಲುದಾರನ ವಿಶ್ವಾಸ ಗಳಿಸುವುದೆಂದರೇನು ಎಂಬುದನ್ನು ಅವು ಹೇಳುವುದಿಲ್ಲ. ಅವನ ಬಾಯಿಂದ ಬಂದ ಮಾತಿಗೆ ಯಾವ ದಾಖಲೆಯೂ ಕೊಡಲಾರದ ಬೆಲೆ ಇದೆ ಎಂಬುದಂತೂ ನಿಜ. ಸೌಜನ್ಯದ ಹೊದಿಕೆಯಡಿ ನಡೆದ ಈ ಸಂದರ್ಶನ ಒಂದು ಬಗೆಯ ವಂಚನೆಯಲ್ಲವೇ ಎಂಬ ಪ್ರಶ್ನೆಗೆ ನನ್ನ ಉತ್ತರ 'ಅಲ್ಲ' ಎಂಬುದೇ. ಆದರೆ ಆ ಉತ್ತರವನ್ನು ನಾನು ಸುಲಭವಾಗಿ ಕೊಡಲಾರೆ.

ವೋಲ್ಫ್ ಬರುವ 'ಜಿನೊಸೈಡ್' ಎಂಬ ಇಪ್ಪತ್ತನೆಯ ಕಂತನ್ನು ಮೈಕಲ್ ಡಾರ್ಲೋ ನಿರ್ದೇಶಿಸಿದ್ದಾರೆ. ಅದೇ ಕಂತಿನಲ್ಲಿ ರುಡಾಲ್ಫ್ ವ್ರಬಾ ಕೂಡ ಕಾಣಿಸಿಕೊಳ್ಳುತ್ತಾರೆ. 1944ರ ಏಪ್ರಿಲ್‌ನಲ್ಲಿ ಆಲ್ಫ್ರೆಡ್ ವೆಟ್ಸ್‌ಲರ್ ಜೊತೆಗೂಡಿ ಔಷ್ವಿಟ್ಸ್ ಶಿಬಿರದಿಂದ ತಪ್ಪಿಸಿಕೊಂಡು, ಅಲ್ಲಿಯ ಹತ್ಯೆಗಳ ವಿವರವಾದ ವರದಿಯನ್ನು ಹೊರಜಗತ್ತಿಗೆ ಮುಟ್ಟಿಸಿದವರು ಅವರು. ವ್ರಬಾ ಮುಂದೆ ಕ್ಲೋಡ್ ಲಾಂಜ್‌ಮನ್ ಅವರ 'ಶೋಆ' (1985) ಚಿತ್ರದಲ್ಲಿಯೂ ಮಾತನಾಡಿದರು. ಹನ್ನೊಂದು ವರ್ಷಗಳ ಕೆಲಸದ ಫಲವಾದ, ಒಂಬತ್ತು ಗಂಟೆಗೂ ಮೀರಿದ ಆ ಚಿತ್ರ ಸಂಗ್ರಹದೃಶ್ಯಗಳನ್ನು ಪೂರ್ತಿಯಾಗಿ ನಿರಾಕರಿಸಿತು. ಅದರಲ್ಲಿ ನಿರೂಪಕನ ಧ್ವನಿಯೂ ಇಲ್ಲ. ಎರಡರಲ್ಲಿ ವ್ರಬಾ ಅವರನ್ನು ಕೇಳಿದವರಿಗೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. 'ಶೋಆ'ದಲ್ಲಿ ಅವರ ಮಾತಿಗೆ ತನ್ನದೇ ಉಸಿರಾಟವಿದೆ; ತಡೆ, ವ್ಯಂಗ್ಯ, ಮೌನಗಳಿವೆ. 'ದಿ ವರ್ಲ್ಡ್ ಅಟ್ ವಾರ್'ನಲ್ಲಿ ಅವರ ಮಾತು ಒಂದು ವಾದಸರಣಿಯ ಕೊಂಡಿ. ಐವತ್ತೆರಡು ನಿಮಿಷಗಳ ಕಂತಿನಲ್ಲಿ ಒಂದು ಇಡೀ ಜನಾಂಗದ ನಾಶವನ್ನು ಹೇಳಬೇಕಾದಾಗ ಬೇರೆ ದಾರಿಯಿರಲಿಲ್ಲವೆಂಬುದನ್ನು ಒಪ್ಪೋಣ. ಅಲನ್ ಡಂಡೆಸ್ ಹೇಳುವ ಪಠ್ಯ, ಹಂದರ, ಸಂದರ್ಭಗಳಲ್ಲಿ ಸರಣಿ ಪಠ್ಯವನ್ನು ಉಳಿಸಿಕೊಂಡಿತು. ಹಂದರವನ್ನು ಬಹುಮಟ್ಟಿಗೆ ಕಳೆದುಕೊಂಡಿತು.

ಈ ನಷ್ಟದಲ್ಲಿ ನಿರೂಪಣೆಯ ಪಾಲೂ ಇದೆ. ಒಲಿವಿಯೆ ಅವರ ಧ್ವನಿಯನ್ನು ಮೆಚ್ಚದವರಿಲ್ಲ. ನನ್ನ ಅಸಮಾಧಾನ ಅದರ ಸ್ಥಾನದ ಬಗ್ಗೆ. ಸಾಕ್ಷಿಗಳು ತಮ್ಮ ತಮ್ಮ ಉಚ್ಚಾರದಲ್ಲಿ, ಲಂಡನ್ನಿನ ಬೀದಿಯ ಇಂಗ್ಲಿಷಿನಲ್ಲೋ ಒರಟು ಜರ್ಮನಿನಲ್ಲೋ ಮಾತನಾಡಿ ಮುಗಿಸುತ್ತಿದ್ದಂತೆ, ರಂಗಭೂಮಿಯ ಶಿಷ್ಟ ಇಂಗ್ಲಿಷ್ ಬಂದು ಅದರ ಅರ್ಥವನ್ನು ನಿರ್ಣಯಿಸುತ್ತದೆ. ಭಾಗವತನ ಪದ್ಯಕ್ಕೆ ಪಾತ್ರಧಾರಿ ಅರ್ಥ ಹೇಳುವುದು ನಮ್ಮ ಯಕ್ಷಗಾನದ ಕ್ರಮ. ಇಲ್ಲಿ ಕ್ರಮ ತಿರುವುಮುರುವಾಗಿದೆ. ಆದರೂ ನಿರೂಪಣೆ ಮಿತವಾಗಿದೆಯೆಂಬುದನ್ನು, ಎಷ್ಟೋ ಕಡೆ ಚಿತ್ರವನ್ನು ಅದರ ಪಾಡಿಗೆ ಬಿಟ್ಟು ಹಿಂದೆ ಸರಿಯುತ್ತದೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ದೀರ್ಘಕಾಲದ ನಿರ್ಮಾಣಕ್ಕೂ ಒಂದು ಮುಕ್ತಾಯದ ದಿನವಿರುತ್ತದೆ. ಆ ದಿನದವರೆಗಿನ ತಿಳಿವಳಿಕೆ ಮಾತ್ರ ಅದರೊಳಗೆ ಸೇರಬಲ್ಲದು. ಅಟ್ಲಾಂಟಿಕ್ ಸಾಗರದ ಜಲಾಂತರ್ಗಾಮಿ ಕಾಳಗವನ್ನು ಹೇಳುವ 'ವುಲ್ಫ್ ಪ್ಯಾಕ್' ಎಂಬ ಹತ್ತನೆಯ ಕಂತು ಇದಕ್ಕೆ ಪ್ರಸಿದ್ಧ ಉದಾಹರಣೆ. ಜರ್ಮನರ 'ಎನಿಗ್ಮಾ' ಸಂಕೇತಗಳನ್ನು ಬ್ರಿಟಿಷರು ಬ್ಲೆಚ್ಲಿ ಪಾರ್ಕ್‌ನಲ್ಲಿ ಭೇದಿಸುತ್ತಿದ್ದರೆಂಬ ಸಂಗತಿ ಆ ಕಾಳಗದ ಗತಿಯನ್ನು ಅರಿಯಲು ಅತ್ಯಗತ್ಯ. ಆದರೆ ಎಫ್.ಡಬ್ಲ್ಯು. ವಿಂಟರ್‌ಬಾಥಮ್ ಅವರ 'ದಿ ಅಲ್ಟ್ರಾ ಸೀಕ್ರೆಟ್' ಪುಸ್ತಕ ಆ ಗುಟ್ಟನ್ನು ಇಂಗ್ಲಿಷ್ ಓದುಗರ ಮುಂದೆ ಬಿಚ್ಚಿದ್ದು 1974ರಲ್ಲಿ, ಸರಣಿಯ ಪ್ರಸಾರ ಮುಗಿದ ಮೇಲೆ. ಹೀಗಾಗಿ ಆ ಕಂತಿನಲ್ಲಿ ಮುಖ್ಯ ಪಾತ್ರಧಾರಿಯೇ ಇಲ್ಲ. ಬಾಯಿ ಬಿಡಬಾರದೆಂದು ಪ್ರಮಾಣ ಮಾಡಿದ್ದ ಸಾವಿರಾರು ಸ್ತ್ರೀಪುರುಷರು ಅದೇ ಬ್ರಿಟನ್ನಿನ ಮನೆಗಳಲ್ಲಿ ಕುಳಿತು ಅದನ್ನು ನೋಡುತ್ತಿದ್ದಿರಬೇಕು.

ಚಿತ್ರಿಸಿಕೊಂಡದ್ದರಲ್ಲಿ ಅಲ್ಪಭಾಗ ಮಾತ್ರ ಕಂತುಗಳಲ್ಲಿ ಸೇರಿತು. ಉಳಿದದ್ದು ಏನಾಯಿತು ಎಂಬುದೇ ನನ್ನ ದೃಷ್ಟಿಯಲ್ಲಿ ಈ ಸರಣಿಯ ಚರಿತ್ರೆಯ ಅತ್ಯಂತ ಮಹತ್ವದ ಅಧ್ಯಾಯ. ಅದನ್ನು ಬಿಸಾಡಲಿಲ್ಲ. ಮುಖ್ಯ ಸರಣಿಯ ಬಳಿಕ ಇದೇ ಸಾಮಗ್ರಿಯಿಂದ ಪೂರಕ ಚಿತ್ರಗಳು ಹುಟ್ಟಿದವು. ಯೂಂಗೆಯ ಸಂದರ್ಶನವನ್ನು ಆಧರಿಸಿದ 'ಸೆಕ್ರೆಟರಿ ಟು ಹಿಟ್ಲರ್', 'ಜಿನೊಸೈಡ್' ಕಂತಿನ ವಸ್ತುವನ್ನು ವಿಸ್ತಾರವಾಗಿ ಹೇಳುವ 'ದಿ ಫೈನಲ್ ಸೊಲ್ಯೂಷನ್' ಅವುಗಳಲ್ಲಿ ಮುಖ್ಯವಾದವು. ಸಂದರ್ಶನಗಳು ಇಂಪೀರಿಯಲ್ ವಾರ್ ಮ್ಯೂಸಿಯಂ ಸೇರಿದವು. ಅವುಗಳಿಂದ ಆಯ್ದು ರಿಚರ್ಡ್ ಹೋಮ್ಸ್ 2007ರಲ್ಲಿ ದೊಡ್ಡದೊಂದು ಮೌಖಿಕ ಇತಿಹಾಸದ ಗ್ರಂಥವನ್ನು ಸಿದ್ಧಪಡಿಸಿದರು. ಪ್ರಸಾರವಾದ ಮೂವತ್ತಮೂರು ವರ್ಷಗಳ ನಂತರ, ಮಾತನಾಡಿದವರಲ್ಲಿ ಹೆಚ್ಚಿನವರು ಗತಿಸಿದ ಮೇಲೆ, ಅವರ ಮಾತು ಮೊದಲ ಬಾರಿಗೆ ಅಷ್ಟು ವಿಸ್ತಾರವಾಗಿ ಹೊರಬಂತು. 1964ರ ಬಿಬಿಸಿ ಸರಣಿಯದೂ ಇದೇ ಕಥೆ. ಅದಕ್ಕಾಗಿ ಮಾತನಾಡಿಸಿದ್ದ ಹಳೆಯ ಸೈನಿಕರ ಬಳಸದೆ ಉಳಿದ ಸಂದರ್ಶನಗಳಿಂದ 2014ರಲ್ಲಿ ಬಿಬಿಸಿ ಒಂದು ಹೊಸ ಚಿತ್ರವನ್ನೇ ಮಾಡಿತು. 2018ರಲ್ಲಿ ಪೀಟರ್ ಜಾಕ್ಸನ್ ತಮ್ಮ 'ದೆ ಶಲ್ ನಾಟ್ ಗ್ರೋ ಓಲ್ಡ್' ಚಿತ್ರದಲ್ಲಿ ಆ ಧ್ವನಿಗಳನ್ನು ಬಳಸಿಕೊಂಡರು. 'ಶೋಆ'ದ ಉಳಿಕೆಗಳೂ ಅಮೆರಿಕದ ಹೊಲೊಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಿತವಾಗಿವೆ. ಆ ಸಂಸ್ಥೆಯ ಚಲನಚಿತ್ರ ಸಂಗ್ರಹದ ಹೊಣೆ ಹೊತ್ತಿದ್ದ ರೇ ಫಾರ್ ಅವರು ಹಿಂದೆ 'ದಿ ವರ್ಲ್ಡ್ ಅಟ್ ವಾರ್'ನ ಸಂಶೋಧಕರಲ್ಲಿ ಒಬ್ಬರಾಗಿದ್ದವರು. ನಾಲ್ಕು ವರ್ಷಗಳ ಆ ಕೆಲಸ ಒಂದು ಸರಣಿಯನ್ನಷ್ಟೇ ಅಲ್ಲ, ಉಳಿಕೆಯ ಬೆಲೆ ತಿಳಿದ ಒಂದು ಪೀಳಿಗೆಯನ್ನೂ ತಯಾರಿಸಿತೆಂದು ಹೇಳಿದರೆ ತಪ್ಪಾಗಲಾರದು.

ಸಿದ್ಧಪಠ್ಯಕ್ಕೆ ಇಂಥ ಭದ್ರತೆ ದೊರೆಯಲಿಲ್ಲವೆಂಬುದು ವಿಪರ್ಯಾಸ. 2010ರಲ್ಲಿ ಹೊಸ ತಂತ್ರಜ್ಞಾನಕ್ಕೆ ಅಳವಡಿಸುವಾಗ ಮೂಲದ ಚೌಕಟ್ಟನ್ನು ಅಗಲತೆರೆಗೆ ಹೊಂದುವಂತೆ ಮೇಲೂ ಕೆಳಗೂ ಕತ್ತರಿಸಲಾಯಿತು. ಛಂದಸ್ಸು ಕೆಟ್ಟಿದೆಯೆಂದು ಜನಪದ ಹಾಡಿನ ಸಾಲುಗಳನ್ನು ತಿದ್ದಿ ಅಚ್ಚು ಹಾಕಿಸಿದ ನಮ್ಮ ಹಳೆಯ ಸಂಪಾದಕರು ನೆನಪಾಗುತ್ತಾರೆ.

ಭಾರತದ ಓದುಗನಾಗಿ ಈ ಸರಣಿಯ ಒಂದು ಕಂತಿನ ಮುಂದೆ ನಿಲ್ಲದೆ ಮುಂದೆ ಹೋಗಲು ನನಗೆ ಸಾಧ್ಯವಾಗುವುದಿಲ್ಲ. ಹದಿನಾಲ್ಕನೆಯ ಕಂತು ಬರ್ಮಾದ ಯುದ್ಧವನ್ನು ಕುರಿತದ್ದು. ಅದರ ಶೀರ್ಷಿಕೆ 'ಇಟ್ಸ್ ಎ ಲವ್ಲಿ ಡೇ ಟುಮಾರೊ'. ಯುದ್ಧಕಾಲದಲ್ಲಿ ವೆರಾ ಲಿನ್ ಹಾಡಿ ಪ್ರಸಿದ್ಧವಾಗಿದ್ದ ಜನಪ್ರಿಯ ಗೀತೆಯ ಹೆಸರು ಅದು. ಊರಿನಿಂದ ದೂರವಾದ ಬ್ರಿಟಿಷ್ ಸೈನಿಕನ ಮನಸ್ಸಿನಿಂದ ಆ ಕಾಡನ್ನು ನೋಡಲಾಗಿದೆ ಎಂಬುದನ್ನು ಶೀರ್ಷಿಕೆಯೇ ಸಾರುತ್ತದೆ. ಬರ್ಮಾದಲ್ಲಿ ಹೋರಾಡಿದ ಹದಿನಾಲ್ಕನೆಯ ಸೇನೆಯಲ್ಲಿ ಬಹುಸಂಖ್ಯಾತರು ಭಾರತೀಯರು. ಯುದ್ಧದ ಕೊನೆಯ ಹೊತ್ತಿಗೆ ಭಾರತೀಯ ಸೇನೆಯ ಬಲ ಸುಮಾರು 25 ಲಕ್ಷ ಮುಟ್ಟಿತ್ತು. ಬೆಂಗಳೂರನ್ನು ನೆಲೆಯಾಗಿ ಉಳ್ಳ ಮದರಾಸ್ ಸ್ಯಾಪರ್ಸ್ ಪಡೆ ಬರ್ಮಾದಲ್ಲಿ ಸೇತುವೆ, ರಸ್ತೆಗಳನ್ನು ಕಟ್ಟಿತು. ಇವರ ಹಾಡು ಯಾವುದಿತ್ತು ಎಂದು ಸರಣಿ ಕೇಳಲಿಲ್ಲ.

ಇದನ್ನು ವಸಾಹತುಶಾಹಿ ಕಣ್ಣಿನ ದೋಷವೆಂದು ಬರೆದು ಮುಗಿಸುವುದು ಸುಲಭ. ಆ ಮಾತು ನಿಜವೂ ಹೌದು. ಆದರೆ ಐಸಾಕ್ಸ್ ತಂಡ ಯುರೋಪಿನಲ್ಲಿ ಸಾಕ್ಷಿಗಳನ್ನು ಹುಡುಕುತ್ತಿದ್ದ 1970ರ ದಶಕದ ಆರಂಭದಲ್ಲಿ, ಕರ್ನಾಟಕದಲ್ಲಿಯೂ ಧ್ವನಿಮುದ್ರಣ ಯಂತ್ರ ಹೊತ್ತು ಹಳ್ಳಿಗಳಿಗೆ ಹೋಗುತ್ತಿದ್ದವರಿದ್ದರು. ಅವರು ನಾವೇ, ನಮ್ಮ ಗುರುಗಳು. ಮಹಾಕಾವ್ಯಗಳು, ತ್ರಿಪದಿಗಳು, ಒಗಟುಗಳು, ಆಚರಣೆಗಳು ಆ ಕಾಲದಲ್ಲಿ ಅಪಾರವಾಗಿ ಸಂಗ್ರಹವಾದವು. ಅದಕ್ಕಾಗಿ ಕನ್ನಡ ಸಂಸ್ಕೃತಿ ಅವರಿಗೆ ಸದಾ ಋಣಿ. ಬರ್ಮಾಕ್ಕೋ ಸಿಂಗಪುರಕ್ಕೋ ಹೋಗಿ ಮರಳಿದ್ದವರು ಆಗ ಐವತ್ತರ ಆಸುಪಾಸಿನಲ್ಲಿದ್ದು ಅದೇ ಹಳ್ಳಿಗಳ ಜಗಲಿಗಳಲ್ಲಿ ಕುಳಿತಿದ್ದಿರಬೇಕು. ಅವರು ಹೇಳುವುದು 'ಜಾನಪದ' ಅಲ್ಲ ಎಂದು ನಾವು ತೀರ್ಮಾನಿಸಿದ್ದೆವು. ಸ್ವಂತ ಜೀವನಕಥನವನ್ನು ಜಾನಪದದ ಒಂದು ಪ್ರಕಾರವೆಂದು ನಮ್ಮ ಪಠ್ಯಕ್ರಮಗಳು ಒಪ್ಪುವ ಹೊತ್ತಿಗೆ ಆ ಪೀಳಿಗೆ ಬಹುಪಾಲು ಮರೆಯಾಗಿತ್ತು. ಥೇಮ್ಸ್ ಸಂಸ್ಥೆಯ ಹದಿನೈದು ಮತ್ತು ಹನ್ನೊಂದರ ಲೆಕ್ಕದಂತೆ ನಮ್ಮದೂ ಒಂದು ಲೆಕ್ಕವಿತ್ತು. ನಮ್ಮ ಲೆಕ್ಕದಲ್ಲಿ ಯುದ್ಧಕ್ಕೆ ಕಂತೇ ಇರಲಿಲ್ಲ.

ಈ ದೂರನ್ನು ಹಿರಿಯರ ಮೇಲೆ ಹೊರಿಸಿ ನಾನು ಜಾರಿಕೊಳ್ಳುವಂತಿಲ್ಲ. 2004ರಲ್ಲಿ ಪಿಎಚ್.ಡಿ. ಕ್ಷೇತ್ರಕಾರ್ಯಕ್ಕಾಗಿ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ ನೀಲಗಾರರೊಬ್ಬರಿಂದ ಮಂಟೇಸ್ವಾಮಿ ಕಾವ್ಯದ ಒಂದು ಸಾಲನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದೆ. ಹಾಡುಗಾರರು ನೀರು ಕುಡಿಯಲು ನಿಲ್ಲಿಸಿದಾಗ, ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತಿದ್ದ ಅವರ ಅಣ್ಣ, ಎಂಬತ್ತು ದಾಟಿದವರು, ತಾನು ಹುಡುಗನಾಗಿದ್ದಾಗ ಮಿಲಿಟರಿಯವರ ಜೊತೆ ಅಸ್ಸಾಮಿನ ಕಡೆ ರಸ್ತೆ ಕಡಿಯಲು ಹೋಗಿದ್ದಾಗಿ ಹೇಳತೊಡಗಿದರು. ಮಳೆ, ಜಿಗಣೆ, ಜ್ವರದಲ್ಲಿ ಸತ್ತ ಜೊತೆಗಾರನೊಬ್ಬನ ಹೆಸರು. ನನ್ನ ಬಳಿ ಉಳಿದಿದ್ದದ್ದು ಒಂದೇ ಕ್ಯಾಸೆಟ್ಟು. ಕಾವ್ಯಕ್ಕೆ ಸಾಲದಾದೀತೆಂದು ಯಂತ್ರವನ್ನು ನಿಲ್ಲಿಸಿದೆ. ಮುದುಕರ ಮಾತು ಮುಗಿದು ತಂಬೂರಿಯ ಶ್ರುತಿ ಎದ್ದಾಗ ಮತ್ತೆ ಒತ್ತಿದೆ. ಮರುವರ್ಷ ಹೋದಾಗ ಅಣ್ಣ ಇರಲಿಲ್ಲ. ಸತ್ತ ಜೊತೆಗಾರನ ಹೆಸರು ಈಗ ನನಗೆ ನೆನಪಿಲ್ಲ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಧ್ವನಿಮುದ್ರಣವಿದೆ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಾಳುಗಳಾಗಿ ಬರ್ಲಿನ್ ಬಳಿಯ ವ್ಯೂನ್ಸ್‌ಡಾರ್ಫ್ ಶಿಬಿರದಲ್ಲಿದ್ದ ಭಾರತೀಯ ಸೈನಿಕರ ಮಾತುಗಳನ್ನು ಜರ್ಮನ್ ಭಾಷಾವಿಜ್ಞಾನಿಗಳು ಧ್ವನಿತಟ್ಟೆಗಳ ಮೇಲೆ ಮುದ್ರಿಸಿಕೊಂಡಿದ್ದರು. ಅವರಿಗೆ ಬೇಕಾಗಿದ್ದದ್ದು ಭಾಷೆಯ ಮಾದರಿ, ಮನುಷ್ಯನ ಕಥೆಯಲ್ಲ. ಪಂಜಾಬಿನ ಮಾಲ್ ಸಿಂಗ್ ಎಂಬ ಸೈನಿಕ 1916ರ ಡಿಸೆಂಬರ್‌ನಲ್ಲಿ ಆ ಕೊಳವೆಯ ಮುಂದೆ ನಿಂತು, ಒಬ್ಬ ಮನುಷ್ಯನಿದ್ದ ಎಂದು ಕಥೆ ಹೇಳುವ ಧಾಟಿಯಲ್ಲಿ ಆರಂಭಿಸಿ, ಊರಿಗೆ ಮರಳುವ ತನ್ನ ಹಂಬಲವನ್ನೇ ಹೇಳಿಬಿಟ್ಟ. ಕೆಲವೇ ಕ್ಷಣಗಳ ಆ ಧ್ವನಿ ಬರ್ಲಿನ್ನಿನ ಸಂಗ್ರಹದಲ್ಲಿ ಉಳಿದು, ಫಿಲಿಪ್ ಶೆಫ್ನರ್ ಅವರ 'ದಿ ಹಾಫ್‌ಮೂನ್ ಫೈಲ್ಸ್' (2007) ಎಂಬ ಸಾಕ್ಷ್ಯಚಿತ್ರಕ್ಕೆ ಕಾರಣವಾಯಿತು. ಶತ್ರುವಿನ ಕಡೆಯ ವ್ಯಾಕರಣಕಾರನೊಬ್ಬ ಯಂತ್ರವನ್ನು ನಿಲ್ಲಿಸದೆ ಇದ್ದುದರಿಂದ ಆ ಮಾತು ನಮಗೆ ದಕ್ಕಿದೆ. ನನ್ನ ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ಮಂಟೇಸ್ವಾಮಿಯ ಸಾಲು ಇದೆ. ನೀಲಗಾರರು ನೀರು ಕುಡಿಯಲು ನಿಲ್ಲಿಸಿದ ಜಾಗದಲ್ಲಿ ಒಂದು ಸಣ್ಣ ಸದ್ದಿದೆ, ನಂತರ ತಂಬೂರಿ.